ಆಟಕ್ಕುಂಟು, ಲೆಕ್ಕಕ್ಕಿಲ್ಲ: ಆಸ್ಪತ್ರೆ ಸೇರಿದ ನ್ಯುಮೋನಿಯಾವನ್ನು ಒಂದು ದೇಶ ಹೇಗೆ ಎಣಿಸುತ್ತೆ?

ಕಡತಗುಮಾಸ್ತ

ರೋಗಿ ಮನೆಗೆ ಹೋದ ಮೇಲೆ ಅವರ ಫೈಲು ನನ್ನ ಮೇಜಿಗೆ ಬರುತ್ತೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ. ಕೇಸ್ ಶೀಟ್ ಓದೋದು, ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದ ಕಾಯಿಲೆಗಳಿಗೆ ಐಸಿಡಿ (ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣ) ಕೋಡ್ ಹಾಕೋದು, ಮೇಲಕ್ಕೆ ಕಳಿಸೋದು. ಮೇಲಿನವರು ಅದನ್ನಿಟ್ಟುಕೊಂಡು ಏನು ಮಾಡ್ತಾರೆ ಅಂತ ಇಷ್ಟು ದಿನ ತಲೆ ಕೆಡಿಸಿಕೊಂಡಿರಲಿಲ್ಲ.

ಹೋದ ವಾರ ಒಂದು ಫೈಲು ಬಂತು. ಎಪ್ಪತ್ತೆಂಟು ವರ್ಷದ ಅಜ್ಜ. ಮೊದಲ ಪುಟದಲ್ಲಿ ಡ್ಯೂಟಿ ಡಾಕ್ಟರ ಅವಸರದ ಅಕ್ಷರ: ನಾಲ್ಕು ದಿನದಿಂದ ಕೆಮ್ಮು, ನಿನ್ನೆಯಿಂದ ಏದುಸಿರು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗಾಗಿದೆ. ಬಂದ ರಾತ್ರಿಯೇ ಬಿಪಿ ಕುಸಿದು ಐಸಿಯುಗೆ ಹೋಗಿದ್ದಾರೆ. ಹದಿಮೂರು ದಿನ ಇದ್ದು ಮನೆಗೆ ಹೋಗಿದ್ದಾರೆ. ಸಮ್ಮರಿಯ ಮೊದಲ ಸಾಲು ಸೆಪ್ಸಿಸ್, ಅಂದ್ರೆ ಸೋಂಕಿಗೆ ದೇಹ ಹದತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳು ಸೋಲೋದು. ಎರಡನೇದು ಉಸಿರಾಟ ವೈಫಲ್ಯ. ನ್ಯುಮೋನಿಯಾ ಬಂದಿರೋದು ಮೂರನೇ ಸಾಲಿಗೆ. ನಿಯಮದ ಪ್ರಕಾರ ಸೆಪ್ಸಿಸ್‌ನ ಕೋಡ್ ಎ41 ಮೊದಲು, ನ್ಯುಮೋನಿಯಾದ ಜೆ18 ಆಮೇಲೆ. ಹಾಕಿದೆ, ಕಳಿಸಿದೆ.

ಆಮೇಲೆ ಓದಿದಾಗ ಗೊತ್ತಾಯ್ತು, ದೇಶಮಟ್ಟದ ಎಷ್ಟೋ ಪಟ್ಟಿಗಳಲ್ಲಿ ಮೊದಲ ಸಾಲನ್ನಷ್ಟೇ ಎಣಿಸ್ತಾರೆ ಅಂತ. ಅಂದ್ರೆ ಈ ಅಜ್ಜ ನ್ಯುಮೋನಿಯಾ ರೋಗಿಯೇ ಅಲ್ಲ! ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇಂಥ ಫೈಲು ನನ್ನ ಮೇಜಿಗೆ ಅಪರೂಪಕ್ಕೆ ಬರೋದಲ್ಲ. ಹಾಗಾದ್ರೆ ‘ನ್ಯುಮೋನಿಯಾದಿಂದ ಆಸ್ಪತ್ರೆ ಸೇರುವವರು ಇಳಿದಿದ್ದಾರೆ’, ‘ಏರಿದ್ದಾರೆ’ ಅಂತ ಬರೋ ಸುದ್ದಿಗಳನ್ನು ಎಷ್ಟು ನಂಬೋದು? ತಿಳಿದವರು ಹೇಳಿ.

ಸರಾಸರಿ

ಗುಮಾಸ್ತರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೆ. ಅಮೆರಿಕದಲ್ಲಿ 2003ರಿಂದ 2009ರ ನಡುವೆ ನ್ಯುಮೋನಿಯಾ ಮೊದಲ ಸಾಲಿನಲ್ಲಿದ್ದ ದಾಖಲಾತಿಗಳು ಸಾವಿರಕ್ಕೆ 5.5ರಿಂದ 4.0ಕ್ಕೆ ಇಳಿದವು. ಶೇಕಡಾ 27ರಷ್ಟು ಇಳಿಕೆ. ಅದೇ ಅವಧಿಯಲ್ಲಿ ಸೆಪ್ಸಿಸ್ ಮೊದಲ ಸಾಲಿನಲ್ಲೂ ನ್ಯುಮೋನಿಯಾ ಕೆಳಗೂ ಇದ್ದ ದಾಖಲಾತಿಗಳು 0.4ರಿಂದ 1.1ಕ್ಕೆ ಏರಿದವು. ಉಸಿರಾಟ ವೈಫಲ್ಯ ಮೇಲಿದ್ದು ನ್ಯುಮೋನಿಯಾ ಕೆಳಗಿದ್ದವೂ ಕೊಂಚ ಏರಿದವು. ಮೂರನ್ನೂ ಕೂಡಿಸಿದರೆ ಉಳಿಯುವ ಇಳಿಕೆ ಶೇಕಡಾ 12.5 ಮಾತ್ರ. ಅರ್ಧಕ್ಕಿಂತ ಹೆಚ್ಚಿನ ಇಳಿಕೆ ಆದದ್ದು ಹಾಳೆಯ ಮೇಲೆ.

ಇದರಲ್ಲೊಂದು ಉಪಕಥೆ ಇದೆ. ತೀರಾ ಕಾಯಿಲೆ ಬಿದ್ದವರೆಲ್ಲ ಸೆಪ್ಸಿಸ್ ಪಟ್ಟಿಗೆ ಹೋದರು. ಉಳಿದ ನ್ಯುಮೋನಿಯಾ ಪಟ್ಟಿಯಲ್ಲಿ ಹಗುರ ಕಾಯಿಲೆಯವರೇ ಜಾಸ್ತಿ ಆದರು, ಅಲ್ಲಿನ ಸಾವಿನ ಪ್ರಮಾಣ ತಾನಾಗಿಯೇ ಇಳಿಯಿತು. ಚಿಕಿತ್ಸೆ ಸುಧಾರಿಸಿತು ಅಂತ ಬೆನ್ನು ತಟ್ಟಿಕೊಳ್ಳಲು ಒಳ್ಳೆಯ ನೆಪ. ಒಟ್ಟು ಸೇರಿಸಿ ನೋಡಿದರೆ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ.

ಇನ್ನೊಂದು ಉದಾಹರಣೆ ಜಪಾನಿನದ್ದು, ದಾಖಲಾತಿಯದಲ್ಲ, ಸಾವಿನ ಲೆಕ್ಕದ್ದು. 2011ರಲ್ಲಿ ಅಲ್ಲಿ ಸಾವಿನ ಕಾರಣಗಳಲ್ಲಿ ನ್ಯುಮೋನಿಯಾ ಮೂರನೇ ಸ್ಥಾನಕ್ಕೆ ಏರಿತ್ತು. 2017ರಲ್ಲಿ ಏಕಾಏಕಿ ಐದಕ್ಕೆ ಇಳಿಯಿತು. ಆ ವರ್ಷ ವರ್ಗೀಕರಣದ ನಿಯಮ ಬದಲಾಗಿತ್ತು, ಆಹಾರ ಅಥವಾ ಎಂಜಲು ಶ್ವಾಸನಾಳಕ್ಕಿಳಿದು ಬರುವ ನ್ಯುಮೋನಿಯಾಕ್ಕೆ ಪಟ್ಟಿಯಲ್ಲಿ ಬೇರೆ ಸಾಲು ಕೊಟ್ಟಿದ್ದರು. ಜನರ ಶ್ವಾಸಕೋಶ ಒಂದೇ ವರ್ಷದಲ್ಲಿ ಗಟ್ಟಿಯಾಗಿರಲಿಲ್ಲ.

ಸಂಶಯರಾಮ

ಇದರಲ್ಲಿ ಆಶ್ಚರ್ಯ ಏನಿದೆ? ಸೆಪ್ಸಿಸ್ ಅಂತ ಬರೆದ್ರೆ ಬಿಲ್ಲು ದಪ್ಪ ಆಗುತ್ತೆ. ಎಲ್ಲಿ ದುಡ್ಡೋ ಅಲ್ಲಿ ಕೋಡು.

ರಾತ್ರಿಪಾಳಿ

ರಾಮಣ್ಣ, ದುಡ್ಡಿನ ಪಾತ್ರ ಇಲ್ಲ ಅನ್ನಲ್ಲ. ಕಾಯಿಲೆ ಗುಂಪಿನ ಮೇಲೆ ಹಣ ಪಾವತಿ ಆಗೋ ವ್ಯವಸ್ಥೆಗಳಲ್ಲಿ ಸೆಪ್ಸಿಸ್‌ಗೆ ಜಾಸ್ತಿ ಸಿಗುತ್ತೆ, ನಿಜ. ಆದ್ರೆ ವಾರ್ಡಿನಲ್ಲಿ ನಿಂತು ನೋಡಿದವಳಾಗಿ ಹೇಳ್ತೀನಿ, ಬರೆಯೋರ ಕಣ್ಣೂ ಬದಲಾಗಿದೆ. 2004ರಲ್ಲಿ ಸೆಪ್ಸಿಸ್ ಚಿಕಿತ್ಸೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂತು. ಬಿಪಿ ಇಳಿದಿದೆಯಾ, ಲ್ಯಾಕ್ಟೇಟ್ ಎಷ್ಟು, ಮೂತ್ರ ಹೋಗ್ತಿದೆಯಾ, ಮೊದಲ ಗಂಟೆಯಲ್ಲೇ ಆಂಟಿಬಯಾಟಿಕ್ ಬಿತ್ತಾ ಅಂತ ನೋಡೋಕೆ ಒಂದಿಡೀ ತಲೆಮಾರಿಗೆ ಕಲಿಸಿದ್ರು. ಮೊದಲು ‘ಜೋರು ನ್ಯುಮೋನಿಯಾ’ ಅಂತ ಬರೀತಿದ್ದ ರೋಗಿಗೇ ಈಗ ‘ಸೆಪ್ಸಿಸ್’ ಅಂತ ಬರೀತೀವಿ. ಎರಡೂ ಸುಳ್ಳಲ್ಲ.

ರಾತ್ರಿ ಎರಡು ಗಂಟೆಗೆ ಏದುಸಿರು ಬಿಡ್ತಾ ಬಂದ ಎಂಬತ್ತರ ಅಜ್ಜಿ, ಕಾಲು ಊದಿದೆ, ಎಕ್ಸ್‌ರೇಯಲ್ಲಿ ಕೆಳಗೆಲ್ಲ ಮಬ್ಬು. ಹೃದಯ ಸೋತು ನೀರು ತುಂಬಿದ್ದೋ, ಸೋಂಕೋ? ನಾನು ಎರಡಕ್ಕೂ ಔಷಧಿ ಶುರು ಮಾಡ್ತೀನಿ. ಎರಡೂ ಅಂತ ಬರೀತೀನಿ. ಮೂರನೇ ದಿನ ವಾಸಿಯಾದಾಗ ಯಾವ ಔಷಧಿಯಿಂದ ಅಂತ ದೇವರಾಣೆಗೂ ಗೊತ್ತಿರಲ್ಲ. ಆಮೇಲೆ ಇಂಟರ್ನ್ ಕೂತು ಸಮ್ಮರಿ ಬರೀತಾನೆ. ಅವನ ಕೈ ಮೊದಲು ಯಾವುದರ ಕಡೆ ಹೋಯ್ತೋ ಅದೇ ದೇಶದ ಅಂಕಿಅಂಶ.

ಅಮೆರಿಕದಲ್ಲಿ 2012ರ ಅಕ್ಟೋಬರಿಂದ, ಡಿಸ್ಚಾರ್ಜ್ ಆಗಿ ಮೂವತ್ತು ದಿನದೊಳಗೆ ವಾಪಸ್ ಬರೋರ ಸಂಖ್ಯೆ ಹೆಚ್ಚಿದ್ರೆ ಆಸ್ಪತ್ರೆಗೆ ದಂಡ ಹಾಕೋ ಪದ್ಧತಿ ಬಂತು. ಮೊದಲ ಮೂರು ಕಾಯಿಲೆಗಳಲ್ಲಿ ನ್ಯುಮೋನಿಯಾ ಒಂದು. ಕೆಲವು ವರ್ಷದಲ್ಲೇ ಅವರಿಗೂ ಗುಮಾಸ್ತರ ಸಮಸ್ಯೆ ಕಾಣ್ತು. 2017ರ ಲೆಕ್ಕದಿಂದ ಸೆಪ್ಸಿಸ್ ಮೇಲಿದ್ದು ನ್ಯುಮೋನಿಯಾ ಕೆಳಗಿರೋರನ್ನೂ (ತೀರಾ ತೀವ್ರ ಸೆಪ್ಸಿಸ್ ಬಿಟ್ಟು), ಆಹಾರ ಇಳಿದು ಬಂದ ನ್ಯುಮೋನಿಯಾದವರನ್ನೂ ಸೇರಿಸಿದ್ರು.

ಸಂಶಯರಾಮ

ಸರಿ ಮೇಡಂ, ಅದು ಒಪ್ಪಿದೆ. ಆದ್ರೆ ಒಂದು ಕಡೆ ನ್ಯುಮೋನಿಯಾಕ್ಕೆ ಸೇರಿದವರಲ್ಲಿ ನೂರಕ್ಕೆ ಇಬ್ಬರು ಸಾಯ್ತಾರೆ ಅಂತ ಓದಿದೆ, ಇನ್ನೊಂದು ಕಡೆ ಹದಿನಾಲ್ಕು ಅಂತ. ಏಳು ಪಟ್ಟು ವ್ಯತ್ಯಾಸ. ಇದಕ್ಕೂ ಕೋಡೇ ಕಾರಣ ಅಂತೀರಾ?

ಸರಾಸರಿ

ಇಲ್ಲ, ಇದು ಜರಡಿಯ ಕಥೆ. ಶೇಕಡಾ 2 ಬಂದದ್ದು ಷಿಕಾಗೊ ಮತ್ತು ನ್ಯಾಷ್‌ವಿಲ್‌ನ ಐದು ಆಸ್ಪತ್ರೆಗಳಲ್ಲಿ 2010ರಿಂದ 2012ರವರೆಗೆ ನಡೆದ ಅಧ್ಯಯನದಿಂದ. ಎಕ್ಸ್‌ರೇಯಲ್ಲಿ ಖಚಿತವಾದ 2,320 ವಯಸ್ಕರು ಅದರಲ್ಲಿದ್ದರು. ಆದರೆ ವೃದ್ಧಾಶ್ರಮದಲ್ಲಿ ಪರಾವಲಂಬಿಗಳಾಗಿ ಇದ್ದವರು, ರೋಗನಿರೋಧಕ ಶಕ್ತಿ ತೀರಾ ಕುಂದಿದವರು, ಇತ್ತೀಚೆಗಷ್ಟೇ ಆಸ್ಪತ್ರೆಯಲ್ಲಿದ್ದು ಹೋದವರು, ಇವರನ್ನೆಲ್ಲ ಮೊದಲೇ ಕೈಬಿಟ್ಟಿದ್ದರು. ರೋಗಿಗಳ ಮಧ್ಯಾಂಕ ವಯಸ್ಸು 57, ಅಂದರೆ ಸುಮಾರು ಅರ್ಧ ಜನ ಅದಕ್ಕಿಂತ ಚಿಕ್ಕವರು. ಅವರ ಉದ್ದೇಶ ರೋಗಾಣು ಹುಡುಕುವುದು, ಹಾಗಾಗಿ ಅದು ತಪ್ಪೇನಲ್ಲ.

ಹದಿನಾಲ್ಕರ ಆಸುಪಾಸಿನದು ಜರ್ಮನಿಯದ್ದು. ಅಲ್ಲಿ ಆಸ್ಪತ್ರೆಗಳ ಗುಣಮಟ್ಟ ಅಳೆಯಲು ನ್ಯುಮೋನಿಯಾ ದಾಖಲಾತಿಗಳ ವರದಿ ಕಡ್ಡಾಯ ಮಾಡಿದ್ದರು. 2005 ಮತ್ತು 2006, ಎರಡೇ ವರ್ಷದಲ್ಲಿ 3,88,406 ರೋಗಿಗಳ ಮಾಹಿತಿ. ವೃದ್ಧಾಶ್ರಮದವರು, ಹಾಸಿಗೆ ಹಿಡಿದವರು ಎಲ್ಲರೂ ಅದರಲ್ಲಿದ್ದರು. ಸತ್ತವರಲ್ಲಿ ವೆಂಟಿಲೇಟರ್ ಮೇಲೆ ಇದ್ದವರು ಆರರಲ್ಲೊಬ್ಬರಷ್ಟೇ. ಈ ಸಂಖ್ಯೆಯ ಮುಂದೆ ನಾನು ತುಂಬಾ ಹೊತ್ತು ಕೂತಿದ್ದೇನೆ. ಸತ್ತವರಲ್ಲಿ ಹೆಚ್ಚಿನವರು ವಾರ್ಡಿನಲ್ಲೇ ಹೋಗಿದ್ದಾರೆ. ಎಷ್ಟೋ ಜನಕ್ಕೆ ‘ಇನ್ನು ಸಾಕು’ ಅಂತ ಮನೆಯವರೂ ವೈದ್ಯರೂ ಸೇರಿ ತೀರ್ಮಾನಿಸಿರಬೇಕು, ಕೆಲವರನ್ನು ಹೊತ್ತಿಗೆ ಗಮನಿಸದೇ ಇರಲೂಬಹುದು. ಒಟ್ಟು ಲೆಕ್ಕ ಅದನ್ನು ಬೇರ್ಪಡಿಸಿ ಹೇಳುವುದಿಲ್ಲ.

ಹಾಗಾಗಿ ಯಾವುದೇ ದೇಶದ ಸಂಖ್ಯೆ ಕಂಡರೂ ಯಾರನ್ನು ಬಿಟ್ಟಿದ್ದಾರೆ ಅಂತ ಮೊದಲು ನೋಡಿ. ವಯಸ್ಸಿನ ಹಂಚಿಕೆ ಸರಿಹೊಂದಿಸಿದ್ದಾರಾ ಅಂತಲೂ ನೋಡಬೇಕು. ಅದೇ ಅಮೆರಿಕದ ಅಧ್ಯಯನದಲ್ಲಿ ಒಟ್ಟು ವಯಸ್ಕರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು 25 ದಾಖಲಾತಿ, ಎಂಬತ್ತು ದಾಟಿದವರಲ್ಲಿ 164. ಮುದುಕರ ದೇಶವನ್ನೂ ಹುಡುಗರ ದೇಶವನ್ನೂ ಹಾಗೇ ಪಕ್ಕಪಕ್ಕ ನಿಲ್ಲಿಸಿದರೆ ಎರಡಕ್ಕೂ ಅನ್ಯಾಯ. ವಯಸ್ಸು ಸರಿಹೊಂದಿಸಿದ ಮೇಲೂ ಏರಿಕೆ ಉಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಂಗ್ಲೆಂಡಿನಲ್ಲಿ 1997–98ರಿಂದ 2004–05ರ ನಡುವೆ ಹಾಗೆ ಶೇಕಡಾ 34 ಏರಿಕೆ ಉಳಿದಿತ್ತು.

ಹಿರಿಮಗಳು

ನಾನು ಅಂಕಿಅಂಶದವಳಲ್ಲ. ಆದ್ರೆ ನೀವೆಲ್ಲ ‘ದಾಖಲಾತಿ’ ‘ದಾಖಲಾತಿ’ ಅಂತಿರೋದು ನೋಡಿ ಬರೀಬೇಕು ಅನ್ನಿಸ್ತು.

ಅಪ್ಪನಿಗೆ ಜ್ವರವೇ ಇರಲಿಲ್ಲ. ಕೆಮ್ಮೂ ಅಷ್ಟಾಗಿ ಇರಲಿಲ್ಲ. ಒಂದು ಬೆಳಿಗ್ಗೆ ನನ್ನನ್ನು ‘ಅಮ್ಮಾ’ ಅಂತ ಕರೆದು, ಶಾಲೆಗೆ ಹೊತ್ತಾಯ್ತು ಅಂತ ಚಪ್ಪಲಿ ಹುಡುಕೋಕೆ ಶುರು ಮಾಡಿದ್ರು. ಅರಳುಮರಳು ಬಂತು ಅಂದ್ಕೊಂಡ್ವಿ. ಸಂಜೆ ಬಚ್ಚಲಲ್ಲಿ ಬಿದ್ರು. ಮೂಳೆ ಮುರಿದಿರಬೇಕು ಅಂತ ಕರ್ಕೊಂಡು ಹೋದ್ವಿ. ಅಲ್ಲಿ ನರ್ಸಮ್ಮ ಬೆರಳಿಗೆ ಕ್ಲಿಪ್ ಹಾಕಿದ್ರು, ಆಮ್ಲಜನಕ 84 ಅಂತ ತೋರಿಸ್ತು. ಸೊಂಟದ ಎಕ್ಸ್‌ರೇ ತೆಗೆಸೋಕೆ ಹೋದವರಿಗೆ ಎದೆ ಎಕ್ಸ್‌ರೇಯಲ್ಲಿ ಉತ್ತರ ಸಿಕ್ತು.

ಒಂಬತ್ತು ದಿನಕ್ಕೆ ಮನೆಗೆ ಕಳಿಸಿದ್ರು. ‘ವಾಸಿಯಾಗಿದೆ’ ಅಂತಲೇ ಬರೆದಿತ್ತು. ಮನೆಗೆ ಬಂದವರು ಮೊದಲಿನ ಅಪ್ಪ ಅಲ್ಲ. ಮಂಚದಿಂದ ಬಾಗಿಲವರೆಗೆ ನಡೆಯೋಕೆ ಎರಡು ಸಲ ಕೂರಬೇಕು. ಪೇಪರ್ ಓದೋದು ಬಿಟ್ರು. ನಾನು ಮೂರು ತಿಂಗಳು ಸಂಬಳ ಇಲ್ಲದ ರಜೆ ಹಾಕಿದೆ. ಏಳನೇ ತಿಂಗಳಲ್ಲಿ ನಿದ್ದೆಯಲ್ಲೇ ಹೋದ್ರು, ಹೃದಯಾಘಾತ ಅಂತ ಬರೆದುಕೊಟ್ರು. ನನ್ನ ಮಟ್ಟಿಗೆ ಅಪ್ಪ ಹೋಗಿದ್ದು ಆ ಚಪ್ಪಲಿ ಹುಡುಕಿದ ಬೆಳಿಗ್ಗೆಯೇ. ಇದು ನಿಮ್ಮ ಯಾವ ಸಾಲಲ್ಲಿ ಬರುತ್ತೆ?

ರಾತ್ರಿಪಾಳಿ

ಅಕ್ಕ, ಓದಿ ಸಂಕಟ ಆಯ್ತು. ನೀವು ಹೇಳಿದ್ದು ಬರೀ ಅನಿಸಿಕೆ ಅಲ್ಲ.

ವಯಸ್ಸಾದವರಲ್ಲಿ ನ್ಯುಮೋನಿಯಾ ಹೀಗೇ ಕಳ್ಳಹೆಜ್ಜೆ ಇಟ್ಟು ಬರೋದು. ಜ್ವರ ಬರಬೇಕಾದ್ರೂ ದೇಹಕ್ಕೆ ತ್ರಾಣ ಬೇಕಲ್ಲ. ನಾವು ತೀವ್ರತೆ ಅಳೆಯೋಕೆ ಬಳಸೋ ಕರ್ಬ್-65 ಅನ್ನೋ ಪಟ್ಟಿಯಲ್ಲಿ ಮೊದಲನೇದೇ ಗೊಂದಲ, ಅಂದ್ರೆ ಮನಸ್ಸು ಕಲಸಿಹೋಗೋದು. ಆಮೇಲೆ ರಕ್ತದಲ್ಲಿ ಏರಿದ ಯೂರಿಯಾ, ನಿಮಿಷಕ್ಕೆ ಮೂವತ್ತು ಅಥವಾ ಹೆಚ್ಚು ಉಸಿರು, ಕುಸಿದ ಬಿಪಿ, ಅರವತ್ತೈದು ಅಥವಾ ಹೆಚ್ಚು ವಯಸ್ಸು. ಅಪ್ಪನಿಗೆ ಮನೆಯಲ್ಲೇ ಎರಡು ಅಂಕ ಬಂದಾಗಿತ್ತು. ಅದನ್ನು ನೀವು ತಿಳಿದಿರಬೇಕಿತ್ತು ಅಂತ ಖಂಡಿತ ಹೇಳ್ತಿಲ್ಲ. ನಾವೇ ಎಷ್ಟೋ ಸಲ ಬಿದ್ದವರ ಸೊಂಟ ಮಾತ್ರ ನೋಡಿ ಕಳಿಸಿದ್ದೀವಿ.

ಇನ್ನು ಆಮೇಲಿನದ್ದು. ಅಮೆರಿಕದ ಲೂಯಿವಿಲ್ ಅನ್ನೋ ಊರಲ್ಲಿ ಎಲ್ಲ ಆಸ್ಪತ್ರೆಗಳ ವಯಸ್ಕ ನ್ಯುಮೋನಿಯಾ ರೋಗಿಗಳನ್ನೂ ಒಂದು ವರ್ಷ ಬೆನ್ನು ಹತ್ತಿದ್ರು. ಆಸ್ಪತ್ರೆಯಲ್ಲಿ ತೀರಿಕೊಂಡವರು ಶೇಕಡಾ 6.5. ಮೂವತ್ತು ದಿನಕ್ಕೆ 13. ಆರು ತಿಂಗಳಿಗೆ 23.4. ವರ್ಷ ತುಂಬೋ ಹೊತ್ತಿಗೆ 30.6. ಹತ್ತರಲ್ಲಿ ಮೂವರು! ಬಾಗಿಲಲ್ಲಿ ‘ವಾಸಿ’ ಅಂತ ಬರೆದು ಕಳಿಸ್ತೀವಲ್ಲ, ಅದಾದ ಮೇಲೆ ಹೋದವರೇ ಜಾಸ್ತಿ. ಎಲ್ಲರೂ ನ್ಯುಮೋನಿಯಾದಿಂದಲೇ ಅಂತಲ್ಲ, ಬಹಳ ಜನಕ್ಕೆ ಮೊದಲೇ ಹೃದಯ, ಶ್ವಾಸಕೋಶ, ಸಕ್ಕರೆ ಕಾಯಿಲೆ ಇರುತ್ತೆ. ಆದ್ರೆ ಹೃದಯದ ವಿಷಯದಲ್ಲಿ ಸಂಬಂಧ ಗಟ್ಟಿ. 65 ದಾಟಿದವರನ್ನು ಹೋಲಿಸಿ ನೋಡಿದ ಅಧ್ಯಯನ 2015ರಲ್ಲಿ ಬಂತು. ನ್ಯುಮೋನಿಯಾಕ್ಕೆ ಆಸ್ಪತ್ರೆ ಸೇರಿದ ಮೊದಲ ಮೂವತ್ತು ದಿನ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯ ಸುಮಾರು ನಾಲ್ಕು ಪಟ್ಟು. ಆಮೇಲೆ ಇಳಿಯುತ್ತೆ, ಆದ್ರೆ ವರ್ಷಗಟ್ಟಲೆ ಪೂರ್ತಿ ಇಳಿಯಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಯಾವ ಸಾಲಲ್ಲೂ ಬರಲ್ಲ ಅಕ್ಕ. ನಿಮ್ಮ ಮೂರು ತಿಂಗಳ ರಜೆಗಂತೂ ಕೋಡೇ ಇಲ್ಲ.

ಪುಟ್ಟವಾರ್ಡ್

ಎಲ್ಲರೂ ಅಜ್ಜ ಅಜ್ಜಿಯರ ಬಗ್ಗೆಯೇ ಮಾತಾಡ್ತಿದ್ದೀರಿ. ಮಕ್ಕಳ ವಾರ್ಡಿಂದ ಒಂದು ಮಾತು.

ಜಗತ್ತಿನ ಲೆಕ್ಕದಲ್ಲಿ 2019ರಲ್ಲಿ ಐದು ವರ್ಷದೊಳಗಿನ 7,40,180 ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆ ವಯಸ್ಸಿನ ಸಾವುಗಳಲ್ಲಿ ಶೇಕಡಾ 14. ಇದರಲ್ಲಿ ಎಷ್ಟೋ ಮಕ್ಕಳು ಆಸ್ಪತ್ರೆ ಮೆಟ್ಟಿಲು ಹತ್ತಿದವರೇ ಅಲ್ಲ. ಹಾಗಾಗಿ ‘ಆಸ್ಪತ್ರೆ ದಾಖಲಾತಿ ಕಡಿಮೆ’ ಅನ್ನೋದು ಕೆಲವು ದೇಶಗಳಲ್ಲಿ ಒಳ್ಳೇ ಸುದ್ದಿ, ಕೆಲವು ದೇಶಗಳಲ್ಲಿ ಆಸ್ಪತ್ರೆ ದೂರ ಇದೆ ಅಂತಷ್ಟೇ ಅರ್ಥ.

ನಮ್ಮ ಕೆಲಸ ಮಗು ಹೊಟ್ಟೆ ಏರಿಳಿಯೋದನ್ನು ನೋಡ್ತಾ ಒಂದು ನಿಮಿಷ ಪೂರ್ತಿ ಎಣಿಸೋದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋದಲ್ಲ, ಅದಕ್ಕೆ ನಮ್ಮ ಹಿರಿಯ ಸಿಸ್ಟರ್ ಬೈತಿದ್ರು. ಮಗು ಅಳ್ತಿದ್ರೆ ಲೆಕ್ಕ ಸುಳ್ಳು, ಅಮ್ಮನ ಮಡಿಲಲ್ಲಿ ಸುಮ್ಮನಾದ ಮೇಲೆ ಮತ್ತೆ ಮೊದಲಿಂದ. ಎರಡು ತಿಂಗಳೊಳಗೆ ಅರವತ್ತು, ಎರಡರಿಂದ ಹನ್ನೊಂದು ತಿಂಗಳಿಗೆ ಐವತ್ತು, ಒಂದರಿಂದ ಐದು ವರ್ಷದೊಳಗೆ ನಲವತ್ತು. ಅಲ್ಲಿಗೆ ಮುಟ್ಟಿದ್ರೆ ವೇಗದ ಉಸಿರು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ರೆ ಇನ್ನೂ ಹುಷಾರು. ಸಿಕ್ಕಾಪಟ್ಟೆ ಮಷೀನು ಬೇಡ, ಗಡಿಯಾರ ಮತ್ತು ತಾಳ್ಮೆ.

ಮತ್ತೆ, ಇಳಿಕೆ ಎಲ್ಲಾ ಹಾಳೆ ಮೇಲಿನದು ಅಂತ ಯಾರೂ ಅಂದ್ಕೋಬೇಡಿ. ನ್ಯುಮೋನಿಯಾ ತರೋ ನ್ಯುಮೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ ಅಮೆರಿಕದಲ್ಲಿ ಮಕ್ಕಳಿಗೆ ಶುರುವಾಗಿದ್ದು 2000ದಲ್ಲಿ. ಲಸಿಕೆಗೆ ಮೊದಲಿನ ವರ್ಷಗಳಿಗೂ 2007–09ಕ್ಕೂ ಹೋಲಿಸಿದ್ರೆ ಎರಡು ವರ್ಷದೊಳಗಿನವರಲ್ಲಿ ವರ್ಷಕ್ಕೆ ಸುಮಾರು 47,000 ದಾಖಲಾತಿ ಕಡಿಮೆ. ಎಲ್ಲ ವಯಸ್ಸೂ ಸೇರಿ 1,68,000 ಕಡಿಮೆ. ಲಸಿಕೆ ಹಾಕಿಸಿಕೊಂಡಿದ್ದು ಮೊಮ್ಮಕ್ಕಳು, ಉಳಿದುಕೊಂಡವರಲ್ಲಿ ಅಜ್ಜ ಅಜ್ಜಿಯರೂ ಇದ್ದಾರೆ. ಮಕ್ಕಳ ಮೂಗಲ್ಲಿ ಆ ರೋಗಾಣು ಕಡಿಮೆ ಆದ್ರೆ ಮನೆಯವರಿಗೆ ಅಂಟೋದೂ ಕಡಿಮೆ.

ಸಂಶಯರಾಮ

ಸಿಸ್ಟರ್, ಅಡ್ಡಬಾಯಿ ಹಾಕ್ತೀನಿ ಅಂತ ಬೇಜಾರಾಗಬೇಡಿ. 2003ರಿಂದ 2009ರವರೆಗೆ ಇಳಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಳೆ ಮೇಲಿನದು ಅಂತ ಸರಾಸರಿಯವರೇ ಹೇಳಿದ್ರು. ನಿಮ್ಮ ಲೆಕ್ಕವೂ ಅದೇ ದೇಶ, ಹೆಚ್ಚುಕಡಿಮೆ ಅದೇ ವರ್ಷಗಳು.

ಸರಾಸರಿ

ಒಳ್ಳೆಯ ಪೆಟ್ಟು. ಅಜ್ಜ ಅಜ್ಜಿಯರ ಭಾಗದಲ್ಲಿ ನಿಮ್ಮ ಸಂಶಯಕ್ಕೆ ಜಾಗ ಇದೆ, ಅದನ್ನು ನಾನೂ ಪೂರ್ತಿ ತಳ್ಳಿಹಾಕಲಾರೆ. ಮಕ್ಕಳ ವಿಷಯದಲ್ಲಿ ಒಪ್ಪುವುದಿಲ್ಲ. ಗ್ಯಾಂಬಿಯಾದಲ್ಲಿ ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲಸಿಕೆ, ಇನ್ನೊಂದಕ್ಕೆ ಹುಸಿ ಚುಚ್ಚುಮದ್ದು ಕೊಟ್ಟು ನೋಡಿದರು. ಫಲಿತಾಂಶ 2005ರಲ್ಲಿ ಬಂತು. ಎಕ್ಸ್‌ರೇಯಲ್ಲಿ ಖಚಿತವಾದ ನ್ಯುಮೋನಿಯಾ ಶೇಕಡಾ 37 ಕಡಿಮೆ, ಒಟ್ಟು ಸಾವು ಶೇಕಡಾ 16 ಕಡಿಮೆ. ಅಲ್ಲಿ ಡಿಸ್ಚಾರ್ಜ್ ಕೋಡಿನ ಮಾತೇ ಇಲ್ಲ. ಎಕ್ಸ್‌ರೇ ಓದಿದವರಿಗೆ ಯಾವ ಮಗು ಯಾವ ಗುಂಪು ಅಂತ ಗೊತ್ತಿರಲಿಲ್ಲ. ಸಾವಿಗಂತೂ ಎರಡನೇ ಸಾಲು ಇಲ್ಲ.

ದೊಡ್ಡವರಿಗೂ ಇಂಥದ್ದೊಂದು ನೆದರ್‌ಲ್ಯಾಂಡ್ಸ್‌ನಲ್ಲಿ ಆಗಿದೆ. 65 ದಾಟಿದ ಸುಮಾರು 84,500 ಜನ. ಲಸಿಕೆಯಲ್ಲಿರುವ ತಳಿಗಳಿಂದ ಬರುವ ನ್ಯುಮೋನಿಯಾ ಶೇಕಡಾ 45ರಷ್ಟು ತಗ್ಗಿತು. ಆದರೆ ಎಲ್ಲ ಕಾರಣದ ನ್ಯುಮೋನಿಯಾ ತೆಗೆದುಕೊಂಡರೆ ಆ ಲಾಭ ತೆಳುವಾಗುತ್ತದೆ, ಏಕೆಂದರೆ ನ್ಯುಮೋಕಾಕಸ್ ಹಲವರಲ್ಲಿ ಒಂದು.

ರಾತ್ರಿಪಾಳಿ

ಅದೂ ಯಾವ ರೋಗಾಣು ಅಂತ ಗೊತ್ತಾದ್ರೆ! ಆ ಷಿಕಾಗೊ ಅಧ್ಯಯನದಲ್ಲಿ ಕಫ, ರಕ್ತ, ಮೂತ್ರ, ಮೂಗುದ್ರವ ಎಲ್ಲ ಪರೀಕ್ಷೆ ಮಾಡಿದ್ರೂ ರೋಗಾಣು ಸಿಕ್ಕಿದ್ದು ಶೇಕಡಾ 38 ಜನರಲ್ಲಿ. ಅದರಲ್ಲೂ ವೈರಸ್ಸುಗಳದ್ದೇ ಮೇಲುಗೈ. ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಗುಮಾಸ್ತರೇ, ನೀವು ಜೆ18.9 ಅಂದ್ರೆ ‘ಯಾವುದು ಅಂತ ಗೊತ್ತಾಗದ ನ್ಯುಮೋನಿಯಾ’ ಹಾಕೀಹಾಕೀ ಬೇಸತ್ತಿರಬೇಕು. ಸೋಮಾರಿತನ ಅಲ್ಲ ಅದು, ಅಲ್ಲಿ ನಮಗೆ ನಿಜಕ್ಕೂ ಗೊತ್ತಿರಲ್ಲ.

ಹಿರಿಮಗಳು

ಒಂದು ಕೇಳಬೇಕಿತ್ತು. ಅಮ್ಮನಿಗೆ ಈಗ ಎಪ್ಪತ್ತಾರು. ಲಸಿಕೆ ಹಾಕಿಸಿದ್ದೀನಿ. ಬೇರೆ ಏನಾದ್ರೂ?

ಪುಟ್ಟವಾರ್ಡ್

ಅಕ್ಕ, ಫ್ಲೂ ಲಸಿಕೆ ವರ್ಷಾವರ್ಷ. ಇನ್ನೊಂದು ಯಾರೂ ಹೇಳದ್ದು ಹೇಳ್ತೀನಿ: ಹಲ್ಲು. ಮಲಗಿದಾಗ ಎಂಜಲು ಶ್ವಾಸನಾಳಕ್ಕೆ ಇಳಿಯುತ್ತೆ, ಬಾಯಿ ಕೊಳಕಾಗಿದ್ರೆ ಅದರ ಜೊತೆ ಬ್ಯಾಕ್ಟೀರಿಯಾವೂ ಇಳಿಯುತ್ತೆ. ಜಪಾನಿನ ವೃದ್ಧಾಶ್ರಮಗಳಲ್ಲಿ ಸಿಬ್ಬಂದಿಯೇ ಪ್ರತಿ ಊಟದ ಮೇಲೆ ಹಲ್ಲುಜ್ಜಿಸಿದ ಗುಂಪಿನಲ್ಲಿ ನ್ಯುಮೋನಿಯಾ ಬಂದದ್ದು ಶೇಕಡಾ 11 ಜನಕ್ಕೆ, ಉಜ್ಜಿಸದ ಗುಂಪಿನಲ್ಲಿ 19. ಕಟ್ಟಿಸಿದ ಹಲ್ಲಿದ್ರೆ ರಾತ್ರಿ ತೆಗೆದಿಡಿಸಿ. ನೀರು ಕುಡಿಯುವಾಗ ಕೆಮ್ಮು ಬರುತ್ತಾ ಗಮನಿಸಿ, ಬಂದ್ರೆ ಡಾಕ್ಟರಿಗೆ ಹೇಳಿ. ಉಣ್ಣುವಾಗ ಕೂರಿಸಿ, ಉಂಡ ತಕ್ಷಣ ಮಲಗಿಸಬೇಡಿ.

ಕಡತಗುಮಾಸ್ತ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ತಿಂಗಳ ಮೀಟಿಂಗಿನಲ್ಲಿ ಒಂದು ಮಾತು ಎತ್ತಿದೆ. ನ್ಯುಮೋನಿಯಾ ಯಾವ ಸಾಲಲ್ಲೇ ಇರಲಿ, ಅಂಥ ಫೈಲುಗಳ ಬೇರೆ ಪಟ್ಟಿ ಇಟ್ಟುಕೊಳ್ಳೋಣ, ಮೇಲಕ್ಕೆ ಕಳಿಸೋದು ಹೇಗೂ ಹಾಗೇ ಇರಲಿ ಅಂತ. ‘ಕೆಲಸ ನಿನ್ನದೇ ಆದ್ರೆ ಅಡ್ಡಿಯಿಲ್ಲ’ ಅಂದ್ರು. ನಮ್ಮಲ್ಲಿ ಇದು ಒಪ್ಪಿಗೆ ಅಂತಲೇ ಲೆಕ್ಕ.

ಪಟ್ಟಿ ಶುರು ಮಾಡಿ ನಾಲ್ಕೇ ದಿನ. ಇವತ್ತು ಮಧ್ಯಾಹ್ನ ಆ ಅಜ್ಜನದೇ ಹೊಸ ಫೈಲು ಬಂತು. ಎರಡನೇ ಸಲ ಸೇರಿ, ಎರಡೇ ದಿನಕ್ಕೆ ತೀರಿಕೊಂಡಿದ್ದಾರೆ. ಮೊದಲ ಸಾಲು ಹೃದಯ ವೈಫಲ್ಯ. ಹಳೇ ದಾಖಲಾತಿ ಬಗ್ಗೆ ‘ಇತ್ತೀಚೆಗೆ ಸೆಪ್ಸಿಸ್’ ಅಂತ ಒಂದೇ ಮಾತು ಇದೆ. ನ್ಯುಮೋನಿಯಾ ಅನ್ನೋ ಪದ ಹುಡುಕಿದೆ, ಇಪ್ಪತ್ತೆರಡು ಪುಟದಲ್ಲಿ ಎಲ್ಲೂ ಇಲ್ಲ. ನನ್ನ ಹೊಸ ಪಟ್ಟಿಗೂ ಇವರು ಸೇರಲ್ಲ.

ಸರಾಸರಿ

ಎರಡನೇ ಸಲ ಬಂದದ್ದು ಡಿಸ್ಚಾರ್ಜ್ ಆದ ಎಷ್ಟನೇ ದಿನ?

ಕಡತಗುಮಾಸ್ತ

ಹತ್ತೊಂಬತ್ತು.

ಸರಾಸರಿ

ಹಳೇ ಫೈಲಿನ ನಂಬರನ್ನು ಹೊಸದರ ಮೇಲೆ ಪೆನ್ಸಿಲಿನಲ್ಲಾದರೂ ಬರೆದಿಡಿ.